ಬಿಲ್ಲೆ ಹಾಕದೆ ತೆಗೆದದ್ದು

ನಾಗಪುರದ ಮನೀಶ್ ನಗರದ ಮನೆಯೊಂದರ ಮಹಡಿಗೆ ಬಾಡಿಗೆಗೆ ಬಂದ ದಿನ ಮನೆಯ ಯಜಮಾನರು ಶ್ರೀವತ್ಸನಿಗೆ ಬೀಗದಕೈಗಿಂತ ಮೊದಲು ಕೊಟ್ಟದ್ದು ಒಂದು ಹಿತ್ತಾಳೆ ಬಿಲ್ಲೆ. ಹಳೆಯ ಎಂಟಾಣೆಯಷ್ಟು ಅಗಲ, ಅಂಚಿನಲ್ಲೊಂದು ತೂತು, ನಡುವೆ ಕೊರೆದ ಏಳರ ಅಂಕಿ.

“ಇದು ನೀನು,” ಎಂದರು ಬೋಪಣ್ಣ.

ಇಪ್ಪತ್ತೇಳು ವರ್ಷದಲ್ಲಿ ಶ್ರೀವತ್ಸನನ್ನು ಯಾರೂ ಇಷ್ಟು ಚುಟುಕಾಗಿ ಹೇಳಿ ಮುಗಿಸಿರಲಿಲ್ಲ. ಮೈಸೂರಿನಲ್ಲಿರುವ ಅವನ ಅಮ್ಮನಿಗೆ ಕೂಡ ಎರಡು ವಾಕ್ಯವಾದರೂ ಬೇಕಾಗುತ್ತಿತ್ತು.

ಬೋಪಣ್ಣ ಮೂವತ್ತೆರಡು ವರ್ಷ ವಾಯುಪಡೆಯಲ್ಲಿ ಇಂಜಿನ್ ಬಿಚ್ಚಿ ಕಟ್ಟಿದವರು. ಕೊನೆಯ ಪೋಸ್ಟಿಂಗ್ ನಾಗಪುರ. ವಾರಂಟ್ ಆಫೀಸರ್ ಆಗಿ ನಿವೃತ್ತರಾದ ಮೇಲೆ ಕೊಡಗಿಗೆ ಹೋಗುವ ಮಾತು ಎದ್ದಾಗ ಅವರ ಹೆಂಡತಿ ದೇಚಮ್ಮ, “ಹತ್ತು ಸಲ ಸಾಮಾನು ಕಟ್ಟಿದ್ದೀನಿ. ಹನ್ನೊಂದನೇ ಸಲ ಕಟ್ಟೋದಾದ್ರೆ ನನ್ನನ್ನೂ ಅದರೊಳಗೇ ಕಟ್ಟಿ” ಎಂದಿದ್ದರಿಂದ ಇಲ್ಲೇ ಉಳಿದರು. ಸೈನ್ಯ ಬಿಟ್ಟರೂ ಅದರ ಎರಡು ಅಭ್ಯಾಸ ಅವರನ್ನು ಬಿಡಲಿಲ್ಲ. ಒಂದು, ಮನೆಗೆ ಬೀಗ ಹಾಕುವಾಗಲೆಲ್ಲ, ಅರ್ಧ ಗಂಟೆ ವಾಕಿಂಗ್ ಹೋಗುವುದಾದರೂ ಸರಿ, ಮೇನ್ ಸ್ವಿಚ್ ಆಫ್ ಮಾಡುವುದು. ಇನ್ನೊಂದು ಬಿಲ್ಲೆ ಹಲಗೆ.

ಹಲಗೆ ಮೆಟ್ಟಿಲ ಕೆಳಗಿನ ಗೋಡೆಯಲ್ಲಿತ್ತು. ಸುತ್ತಿಗೆ, ಇಕ್ಕಳ, ಹಾರೆ, ಏಳು ಬಗೆಯ ಸ್ಪ್ಯಾನರ್, ಒಂದೊಂದರ ಹಿಂದೆಯೂ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿತ್ತು.

“ಸ್ಪ್ಯಾನರ್ ತೆಗೀತೀಯ, ಅದರ ಜಾಗದಲ್ಲಿ ನಿನ್ನ ಬಿಲ್ಲೆ ಹಾಕ್ತೀಯ. ಸಂಜೆ ಬಿಲ್ಲೆ ಇನ್ನೂ ನೇತಾಡ್ತಾ ಇದ್ರೆ ಸ್ಪ್ಯಾನರ್ ಎಲ್ಲೋ ಹೊರಗಿದೆ ಅಂತ. ಎಲ್ಲಿ? ಇಂಜಿನ್ ಒಳಗೇ ಇರಬಹುದು. ಸಿಗೋವರೆಗೂ ವಿಮಾನ ಹಾರಲ್ಲ. ಏರ್ ಮಾರ್ಷಲ್ ಬಂದು ಕೂತ್ರೂ ಹಾರಲ್ಲ. ಸಮ್ಜಾ?”

“ಬರೋಬರ್ ಅಂಕಲ್,” ಎಂದ ಶ್ರೀವತ್ಸ. ‘ಸರಿ’ ಎನ್ನುವ, ನಾಗಪುರಕ್ಕೆ ಬಂದು ಮೂರು ವಾರದಲ್ಲಿ ಕಲಿತ ಆ ಒಂದೇ ಮರಾಠಿ ಮಾತನ್ನು ಅವನು ಎಲ್ಲದಕ್ಕೂ ಬಳಸುತ್ತಿದ್ದ.

“ನಿನಗೆ ಕೆಲಸ ಏನು?”

“ಆ್ಯಪ್ ಮಾಡೋದು. ಗಿಡಕ್ಕೆ ನೀರು ಹಾಕೋಕೆ ನೆನಪು ಮಾಡೋ ಆ್ಯಪ್. ಅದರಲ್ಲಿ ಮೊದಲನೇ ಪುಟ ನಂದು.”

“ಮೊದಲನೇ ಪುಟದಲ್ಲಿ ಏನಿರುತ್ತೆ?”

“ಅಕೌಂಟ್ ತೆರೆಯೋದು. ಹೆಸರು, ಫೋನ್ ನಂಬರ್, ಇಮೇಲ್, ಹುಟ್ಟಿದ ದಿನ...”

“ಗಿಡದ್ದಾ?”

“ಅಲ್ಲ ಅಂಕಲ್. ಮನುಷ್ಯರದ್ದು.”

“ದಾಸವಾಳಕ್ಕೆ ನೀರು ಹಾಕೋಕೆ ನಾನು ಹುಟ್ಟಿದ್ದು ಯಾವಾಗ ಅಂತ ಯಾರಿಗೆ ಬೇಕಯ್ಯಾ?”

ಈ ಪ್ರಶ್ನೆಯನ್ನು ಕಂಪನಿಯಲ್ಲಿ ಯಾರೂ ಕೇಳಿರಲಿಲ್ಲ. ಶ್ರೀವತ್ಸನೂ ಕೇಳಿರಲಿಲ್ಲ, ತಿಂಗಳ ಒಂದನೇ ತಾರೀಕು ಸಂಬಳ ಸರಿಯಾಗಿ ಬರುತ್ತಿದ್ದುದರಿಂದ ಉಳಿದ ಪ್ರಶ್ನೆಗಳಿಗೆ ಅವನ ತಲೆಯಲ್ಲಿ ಜಾಗವಿರಲಿಲ್ಲ. ಅವನ ಪುಟದ ಕೆಳಗೆ ‘ಅಕೌಂಟ್ ಇಲ್ಲದೆ ಮುಂದುವರಿಯಿರಿ’ ಎಂಬ ಗುಂಡಿಯೊಂದು ಮೊದಲು ಇತ್ತು. ಅದರ ಬಣ್ಣವನ್ನು ವಾರ ವಾರ ತಿಳಿಗೊಳಿಸುತ್ತ ಕೊನೆಗೆ ಕಾಣದಂತೆ ಮಾಡಿದವನು ಅವನೇ. ಅದಕ್ಕೆ ಅವನಿಗೆ ಒಂದು ಟೀ-ಶರ್ಟ್ ಕೊಟ್ಟಿದ್ದರು.

ಆ ದಿನದಿಂದ ಬೋಪಣ್ಣ ಅವನನ್ನು ಸ್ವಲ್ಪ ಓರೆಗಣ್ಣಿನಿಂದಲೇ ನೋಡತೊಡಗಿದರು.

ಅವರ ಅನುಮಾನಕ್ಕೆ ಹಿನ್ನೆಲೆಯಿತ್ತು. ಎರಡು ವರ್ಷದ ಹಿಂದೆ ದೇಚಮ್ಮನಿಗೆ ಬಚ್ಚಲುಮನೆಯಲ್ಲಿ ಮೊದಲ ಸಲ ಫಿಟ್ಸ್ ಬಂತು. ಒಳಗೆ ಚಿಲಕ ಹಾಕಿತ್ತು. ಬೋಪಣ್ಣ ಹಾರೆಯಿಂದ ಬಾಗಿಲು ಮುರಿದು ಅವರನ್ನು ಎತ್ತಿಕೊಂಡು ಬಂದರು. ಆಸ್ಪತ್ರೆಯಿಂದ ಬಂದ ಮರುದಿನ ಮನೆಯ ಎಲ್ಲ ಒಳಚಿಲಕಗಳನ್ನೂ ಬಿಚ್ಚಿ, ಸ್ಕ್ರೂ ಸಮೇತ ಡಬ್ಬಿಯಲ್ಲಿ ಹಾಕಿಟ್ಟರು. ಹೊಸ ಬಚ್ಚಲ ಬಾಗಿಲಿಗೆ ಚಿಲಕವೇ ಬರಲಿಲ್ಲ.

ಅಂದಿನಿಂದ ದೇಚಮ್ಮ ಸ್ನಾನಕ್ಕೆ ಹೋದರೆ ಒಳಗಿದ್ದೇನೆಂದು ತಿಳಿಸಲು ಮಗ್ಗನ್ನು ಬಕೆಟ್ಟಿಗೆ ಬಡಿಯಬೇಕು. ಎರಡೆರಡು ನಿಮಿಷಕ್ಕೆ ಹೊರಗಿನಿಂದ “ದೇಚೂ, ಓಕೆ?” ಎಂಬ ಕೂಗು. ಉತ್ತರ ಒಂದು ಕ್ಷಣ ತಡವಾದರೆ ಬಾಗಿಲು ತೆರೆದೇ ಬಿಡುತ್ತಿತ್ತು.

“ನಲವತ್ತು ವರ್ಷ ಇವರ ಜೊತೆ ಎಲ್ಲೆಲ್ಲೋ ಇದ್ದೆ,” ಎಂದು ಅವರು ಒಮ್ಮೆ ಬಟ್ಟೆ ಒಣಹಾಕುತ್ತ ಶ್ರೀವತ್ಸನಿಗೆ ಹೇಳಿದ್ದರು. “ಜೋಧಪುರದಲ್ಲಿ ಟೆಂಟಲ್ಲೂ ಇದ್ದೆ. ಟೆಂಟಿಗೂ ಝಿಪ್ ಇತ್ತಪ್ಪ.”

ಚಿಲಕ ವಾಪಸು ಬರಬೇಕಾದರೆ ಡಾಕ್ಟರ್ ಶೈಲಜಾ ಒಪ್ಪಬೇಕು. ಹುಬ್ಬಳ್ಳಿಯಿಂದ ಬಂದು ನಾಗಪುರದಲ್ಲಿ ನೆಲೆನಿಂತ ನರರೋಗದ ವೈದ್ಯೆ ಅವರು. “ಎರಡು ತಿಂಗಳು ದಿನಾ ಬರೀರಿ, ಮಾತ್ರಿ, ನಿದ್ದಿ, ತಲಿನೋವು, ಎಲ್ಲಾ. ದೊಡ್ಡ ಫಿಟ್ಸ್ ಬಂದಿಲ್ಲ ಅಂತ ನಾ ಕಣ್ಣಾರೆ ನೋಡಿದ ಮ್ಯಾಲೆ ಚಿಲಕದ ಮಾತು” ಎಂದಿದ್ದರು. ಮೊದಲ ಸಲ ದೇಚಮ್ಮ ತಾವೇ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಡಾಕ್ಟರ್ ಹಾಳೆ ತಿರುವಿ ನೋಡಿದರೆ ಮುಂದಿನ ವಾರದ ಪುಟಗಳಲ್ಲಿಯೂ ‘ಆರೋಗ್ಯ ಚೆನ್ನಾಗಿದೆ’ ಎಂದಿತ್ತು. “ಪುಸ್ತಕ ಬ್ಯಾಡ್ರಿ. ಫೋನಿನ್ಯಾಗ ಒತ್ತಿಬಿಡ್ರಿ, ಟೈಮು ತಾನ ಬೀಳ್ತೈತಿ. ಮತ್ತ ಅದನ್ನ ನೀವು ಒತ್ತಬ್ಯಾಡ್ರಿ, ಯಜಮಾನ್ರು ಒತ್ತಲಿ,” ಎಂದು ಡಾಕ್ಟರ್ ನಕ್ಕರು.

ಬೋಪಣ್ಣ ಅಂಥದೊಂದು ಆ್ಯಪ್ ಹಾಕಿಕೊಂಡರು. ಅದು ಅಕೌಂಟ್ ಕೇಳಿತು, ದೇಚಮ್ಮನ ಹೆಸರು, ನಂಬರು, ಕಾಯಿಲೆ ಎಲ್ಲ ಕೊಟ್ಟರು. ಒಂಬತ್ತನೇ ದಿನ ವಾಯುಪಡೆಯ ನಿವೃತ್ತರ ಮನೆಯ ಹೆಂಗಸರೆಲ್ಲ ಪ್ರತಾಪ ನಗರದಲ್ಲಿ ಅಡುಗೆಗೆ ಸೇರಿದ್ದಾಗ ದೇಚಮ್ಮನ ಫೋನ್ ಬಡಿದುಕೊಂಡಿತು. ಕೈ ಹಿಟ್ಟಾಗಿದ್ದರಿಂದ ಸ್ಪೀಕರಿಗೆ ಹಾಕಿದರು. “ದೇಚಮ್ಮಾಜೀ, ಮಿರ್ಗೀ ಕಾ ಪಕ್ಕಾ ಇಲಾಜ್ ಹೈ ಹಮಾರೇ ಪಾಸ್!” ಫಿಟ್ಸಿಗೆ ಖಾತ್ರಿ ಮದ್ದಿದೆ ಎಂಬ ಆ ಮಾತು ಹದಿನಾಲ್ಕು ಹೆಂಗಸರ ಕಿವಿಗೂ ಬಿತ್ತು. ದೇಚಮ್ಮ ಆಮೇಲೆ ಆ ಕೂಟಕ್ಕೆ ಹೋಗಲಿಲ್ಲ.

ಹೇಳಿದ್ದು ಆ್ಯಪೋ, ಔಷಧಿ ಅಂಗಡಿಯೋ, ಆಸ್ಪತ್ರೆಯ ಕೌಂಟರೋ, ಯಾರಿಗೆ ಗೊತ್ತು? ಆದರೆ ಬೋಪಣ್ಣನಿಗೆ ಗೊತ್ತಾದ ಒಂದು ವಿಷಯವೆಂದರೆ, ಎಲ್ಲಿಯೂ ಒಂದು ಬಿಲ್ಲೆ ನೇತಾಡುತ್ತಿರಲಿಲ್ಲ. ಸಾಮಾನು ಹೊರಗೆ ಹೋಗಿದೆ, ತೆಗೆದವನ ನಂಬರಿಲ್ಲ. ಶ್ರೀವತ್ಸ ಬಾಡಿಗೆಗೆ ಬಂದ ಮೇಲೆ ಅಕೌಂಟ್ ಅಳಿಸಲು ಹೋದರೆ ಆ್ಯಪು ಏಳು ಪುಟ ಸುತ್ತಿಸಿತು. ಏಳನೆಯದರಲ್ಲಿ ‘ನೀವು ಹೋದರೆ ನಮಗೆ ಬೇಸರವಾಗುತ್ತದೆ’ ಎಂದು ಅಳುವ ಮುಖವೊಂದಿತ್ತು. ಸಹಾಯಕ್ಕೆ ಕೂತಿದ್ದ ಅವನು ಅದನ್ನು ನೋಡಿ ತಲೆ ತಗ್ಗಿಸಿದ. ತನ್ನ ಆಫೀಸಿನ ಅಳುವ ಮುಖದ ಕಣ್ಣೀರನ್ನು ಇದಕ್ಕಿಂತ ದೊಡ್ಡದು ಮಾಡಿದ್ದ.

ಪಾಪ ಕಳೆದುಕೊಳ್ಳುವ ಉಮೇದಿನಲ್ಲಿ ಅವನೇ ಒಂದು ದಾರಿ ಹೇಳಿದ.

“ಅಕೌಂಟೇ ಕೇಳದ ಆ್ಯಪ್ ಇದೆ ಅಂಕಲ್. ಬರೆದದ್ದು ನಿಮ್ಮ ಫೋನಲ್ಲೇ ಇರುತ್ತೆ. ಫೋನ್ ಕಳೆದುಹೋದ್ರೆ ಅಂತ ಮನೇಲೇ ಒಂದು ಪುಟ್ಟ ಕಂಪ್ಯೂಟರ್ ಇಡೋಣ. ದಿನಾ ಅದಕ್ಕೊಂದು ಪ್ರತಿ ಹೋಗುತ್ತೆ. ಮನೆ ಬಿಟ್ಟು ಹೊರಗೆ ಹೋಗಲ್ಲ.”

“ಕಂಪನಿ?”

“ಕಂಪನಿ ಇಲ್ಲ. ನೀವೇ ಕಂಪನಿ.”

ಬೋಪಣ್ಣನ ಮುಖದಲ್ಲಿ ಮೊದಲ ಬಾರಿ ಅವನ ಮೇಲೆ ಅರೆಪಾವು ವಿಶ್ವಾಸ ಕಂಡಿತು.

ಏಪ್ರಿಲ್ ಮೊದಲ ಭಾನುವಾರ ಅಂಗೈಯಗಲದ ಪೆಟ್ಟಿಗೆ ಬೋಪಣ್ಣನ ಮನೆಯ ಫ್ರಿಜ್ಜಿನ ಮೇಲೆ ಕುಳಿತು ಹಸಿರು ದೀಪ ಮಿಟುಕಿಸತೊಡಗಿತು. ಜೋಡಿಸುವಾಗ ಸರಿಯಾಗಿ ಹೋಗುತ್ತಿದೆಯೇ ನೋಡಲು ಶ್ರೀವತ್ಸ ತನ್ನ ಫೋನನ್ನೂ ಅದಕ್ಕೆ ಸೇರಿಸಿದ್ದ; ಹಾಗೆ ಸೇರಿಸಿದ ಫೋನಿಗೆ ಅದು ಎಲ್ಲಿದ್ದರೂ ಒಂದು ಪ್ರತಿ ಬೀಳುತ್ತಿತ್ತು. ಅಷ್ಟರಲ್ಲಿ ಬೋಪಣ್ಣ ಹಲಗೆಯ ಮೇಲೆ ಫೋನಿನದೊಂದು, ಪೆಟ್ಟಿಗೆಯದೊಂದು ಆಕಾರ ಬರೆದು, ಬ್ರಷ್ ಹಿಡಿದುಕೊಂಡೇ ಬಂದರು.

“ಇದು ಒಟ್ಟು ಎಷ್ಟು ಕಡೆ ಇದೆ?”

“ಎರಡೇ ಕಡೆ ಅಂಕಲ್.”

“ಬರೋಬರ್?”

“ಬರೋಬರ್.”

ಮೂರನೆಯದು ಅವನ ಪ್ಯಾಂಟಿನ ಜೇಬಿನಲ್ಲಿತ್ತು. ಅದು ಸುಳ್ಳೆಂದು ಅವನಿಗೆ ಅನಿಸಲಿಲ್ಲ. ಮಹಡಿ ಹತ್ತಿದ ತಕ್ಷಣ ತೆಗೆದುಬಿಡುವವನಿದ್ದ. ಮಹಡಿ ಹತ್ತಿದ ಮೇಲೆ ಕೂಲರಿನ ಎದುರು ಮಲಗಿ, ನಾಳೆ ತೆಗೆಯುತ್ತೇನೆ ಎಂದುಕೊಂಡ. ಜಿಮ್ಮಿಗೆ ಸೇರುವುದು, ಮರಾಠಿ ಕಲಿಯುವುದು, ಕೆಲಸ ಬದಲಿಸುವುದು, ಎಲ್ಲವನ್ನೂ ಅವನು ಇದೇ ನಾಳೆಗೆ ಇಟ್ಟಿದ್ದ.

ಮರುದಿನ ಆಫೀಸಿನಲ್ಲಿ ಅವನ ಫೋನ್ ‘ಟಿಣ್’ ಎಂದಿತು. *0900. ಮಾತ್ರೆ ಒಂದು. ನಿದ್ದೆ ಏಳು ಗಂಟೆ. ಸ್ಥಿತಿ ತೃಪ್ತಿಕರ.* ಬೋಪಣ್ಣ ಹೆಂಡತಿಯ ಬಗ್ಗೆ ಬರೆಯುವುದೂ ಇಂಜಿನ್ನಿನ ಬಗ್ಗೆ ಬರೆದಂತೆಯೇ ಇತ್ತು. ಬೇರೆಯವರ ಮನೆಯದನ್ನು ಓದಬಾರದೆಂದು ಅವನಿಗೆ ಗೊತ್ತಿತ್ತು, ಓದಿದ. ಮೇ ತಿಂಗಳ ಹೊತ್ತಿಗೆ, ನಲವತ್ತಾರು ಡಿಗ್ರಿ ಬಿಸಿಲಿನಲ್ಲಿ ಮೀಟಿಂಗಿನಲ್ಲಿ ಕುಳಿತು ಆ ‘ಟಿಣ್’ಗೆ ಕಾಯತೊಡಗಿದ್ದ. *ಸ್ಥಿತಿ ತೃಪ್ತಿಕರ* ಎಂದಿದ್ದರೆ ಅವನಿಗೂ ಸಮಾಧಾನ. ಈ ಊರಿನಲ್ಲಿ ಅವನಿಗೆ ಯಾರೋ ಹೇಗಿದ್ದಾರೆಂದು ದಿನಾ ತಿಳಿಯುತ್ತಿದ್ದುದು ಅದೊಂದರಿಂದಲೇ.

ಎಡವಿದ್ದು ಜೂನ್ ಎರಡರಂದು. ಡಾಕ್ಟರ ಹತ್ತಿರ ಹೋಗಲು ನಾಲ್ಕು ದಿನವಿತ್ತು. ಸಂಜೆ ಆಫೀಸಿನಿಂದ ಬಂದವನು ಗೇಟು ತೆಗೆಯುತ್ತಲೇ, “ಆಂಟೀ, ತಲೆನೋವು ಕಮ್ಮಿ ಆಯ್ತಾ?” ಎಂದುಬಿಟ್ಟ.

ದೇಚಮ್ಮ, “ಆಯ್ತಪ್ಪ,” ಎಂದು ಒಳಗೆ ಹೋದರು. ಗಿಡಕ್ಕೆ ನೀರು ಬಿಡುತ್ತಿದ್ದ ಬೋಪಣ್ಣ ಪೈಪನ್ನು ಕೆಳಗಿಟ್ಟರು.

“ತಲೆನೋವು ಇತ್ತು ಅಂತ ನಿನಗೆ ಯಾರು ಹೇಳಿದ್ರು?”

“ಅಲ್ಲ... ಬಿಸಿಲಲ್ವಾ ಅಂಕಲ್. ಎಲ್ಲರಿಗೂ ಇರುತ್ತೆ.”

“ನನಗಿಲ್ಲ,” ಎಂದರು ಬೋಪಣ್ಣ. ಪೈಪಿನ ನೀರು ಶ್ರೀವತ್ಸನ ಶೂ ಒಳಗೆ ಹೋಗುತ್ತಿತ್ತು. ಅವನು ಕಾಲು ತೆಗೆಯಲಿಲ್ಲ. ತೆಗೆದರೆ ಇನ್ನಷ್ಟು ಅನುಮಾನ ಬಂದೀತೆಂದು ಅವನಿಗೆ ಅನುಮಾನ.

ಅಲ್ಲಿಂದ ಮೂರು ದಿನ ಮನೆಯಲ್ಲಿ ಸಾಮಾನು ಕಳೆದ ವಿಮಾನದ ಹ್ಯಾಂಗರಿನ ಕಳೆ. ಬೋಪಣ್ಣ ಕೆಲಸದ ಹೆಂಗಸನ್ನು ವಿಚಾರಿಸಿದರು. ಔಷಧಿ ಅಂಗಡಿಯವನಿಗೆ, “ನನ್ನ ಹೆಂಡತಿಗೆ ಏನು ಕಾಯಿಲೆ ಅಂತ ನಿನಗೆ ಗೊತ್ತಾ?” ಎಂದು ಕೇಳಿ ಅವನನ್ನು ಹೆದರಿಸಿ ಬಂದರು. ಫ್ರಿಜ್ಜಿನ ಮೇಲಿನ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ಮೂಸಿದರು. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಶ್ರೀವತ್ಸನ ಬಾಯಿ ನಿಜ ಹೇಳಲು ತೆರೆಯುತ್ತಿತ್ತು. ಹೊರಗೆ ಬರುತ್ತಿದ್ದುದು “ಬಿಸಿಲು ಜಾಸ್ತಿ ಅಲ್ವಾ ಅಂಕಲ್” ಎಂಬುದು ಮಾತ್ರ.

ಜೂನ್ ಐದರ ಮಧ್ಯಾಹ್ನ ಬೋಪಣ್ಣ ತೀರ್ಪಿಗೆ ಬಂದರು: ಸೋರಿದ್ದು ಫೋನಿನಿಂದ. ದಾಖಲೆಯ ಪ್ರತಿ ಪೆಟ್ಟಿಗೆಯಲ್ಲಿದೆಯಲ್ಲ. ಆದ್ದರಿಂದ ಫೋನನ್ನು ಪೂರ್ತಿ ಬರಿದು ಮಾಡಿ, ಪೆಟ್ಟಿಗೆಯಿಂದ ಹೊಸದಾಗಿ ತುಂಬಿಕೊಂಡರಾಯಿತು. ಫೋನ್ ಬರಿದಾಯಿತು. ಪೆಟ್ಟಿಗೆಯತ್ತ ತಿರುಗಿದರೆ ಅದರ ಹಸಿರು ದೀಪ ಮಿಟುಕುತ್ತಿರಲಿಲ್ಲ.

ಆರು ಗಂಟೆಗೆ ಶ್ರೀವತ್ಸ ಬಂದಾಗ ಊಟದ ಮೇಜಿನ ಒಂದು ಕಡೆ ಬೋಪಣ್ಣ, ಇನ್ನೊಂದು ಕಡೆ ದೇಚಮ್ಮ, ನಡುವೆ ಪೆಟ್ಟಿಗೆ. ಅವನು ಅದರ ಮೆಮೊರಿ ಕಾರ್ಡ್ ತೆಗೆದು ತನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದ. ಕಾರ್ಡು ಸತ್ತಿತ್ತು.

“ಅಂಕಲ್, ಇದರ ಕರೆಂಟು ಆಗಾಗ ಹೋಗ್ತಿತ್ತಾ?”

“ಎಲ್ಲಿ ಹೋಗುತ್ತೆ? ಬೆಳಗ್ಗೆ ವಾಕಿಂಗ್ ಹೋಗುವಾಗ ಮೇನ್ ಆಫ್ ಮಾಡ್ತೀನಿ, ಅಷ್ಟೇ.”

“ದಿನಾ?”

“ದಿನಾ ಅಲ್ಲದೆ? ಮನೇಲಿ ಯಾರೂ ಇಲ್ಲದಾಗ ಲೈನ್ ಬಿಟ್ಟು ಹೋಗ್ತಾರಾ?”

ಎರಡು ತಿಂಗಳು ದಿನಾ, ಪೆಟ್ಟಿಗೆ ಕಾರ್ಡಿಗೆ ಬರೆಯುತ್ತಿದ್ದ ಹೊತ್ತಿಗೇ ಕರೆಂಟು ಕಿತ್ತರೆ ಯಾವ ಕಾರ್ಡು ಉಳಿದೀತು? ಇದು ಬೋಪಣ್ಣನ ತಪ್ಪಲ್ಲ. ಮೇನ್ ಸ್ವಿಚ್ಚಿನ ಅಭ್ಯಾಸವನ್ನು ಅದೇ ಮನೆಯ ಮಹಡಿಯಲ್ಲಿ ವಾಸಿಸುತ್ತ ನೋಡಿದ್ದ ಇಂಜಿನಿಯರ್‌ನದು. ಒಂದು ಬ್ಯಾಟರಿ ಇಡಬೇಕೆಂದು ಅವನಿಗೆ ಹೊಳೆದಿತ್ತು ಕೂಡ. ನಾಳೆ ಇಡುವವನಿದ್ದ.

“ಅಕೌಂಟ್ ಇದ್ದಿದ್ರೆ ಈಗ ಪಾಸ್‌ವರ್ಡ್ ಹಾಕಿ ಎಲ್ಲಾ ವಾಪಸ್ ತರಬಹುದಿತ್ತು,” ಎಂದು ಗೊಣಗಿದ.

“ತರಬಹುದಿತ್ತು. ಫೋನು ಮಾಡಿ ಹದಿನಾಲ್ಕು ಜನಕ್ಕೆ ಹೇಳಲೂಬಹುದಿತ್ತು,” ಎಂದರು ಬೋಪಣ್ಣ. ಆದರೆ ಅವರ ದನಿಯಲ್ಲಿ ಎಂದಿನ ಗತ್ತಿರಲಿಲ್ಲ.

ದೇಚಮ್ಮ, “ಹಂಗಾದ್ರೆ ನಾಳೆ ತೋರಿಸೋಕೆ ಏನೂ ಇಲ್ಲ. ಇನ್ನೆರಡು ತಿಂಗಳು ಮಗ್ ಬಡೀಬೇಕು,” ಎಂದರು. ಕೂಗಲಿಲ್ಲ, ಅಳಲಿಲ್ಲ. ಎದ್ದು ಬಚ್ಚಲಿನ ಹತ್ತಿರ ಹೋಗಿ, ಚಿಲಕವಿಲ್ಲದ ಬಾಗಿಲನ್ನು ಸುಮ್ಮನೆ ಒಮ್ಮೆ ತಳ್ಳಿದರು. ಅದು ತೆರೆದುಕೊಂಡಿತು.

ಶ್ರೀವತ್ಸ ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟ.

“ಇದರಲ್ಲಿದೆ ಅಂಕಲ್. ಎಲ್ಲಾ. ನಿನ್ನೆ ರಾತ್ರಿವರೆಗೂ.”

ಬೋಪಣ್ಣ ಫೋನನ್ನು ನೋಡಿದರು, ಅವನನ್ನು ನೋಡಿದರು. “ಎರಡೇ ಕಡೆ ಅಂದಿದ್ದೆ.”

“ಹೌದು.”

“ಬರೋಬರ್ ಅಂದಿದ್ದೆ.”

“ಜೋಡಿಸುವಾಗ ಸೇರಿಸಿದ್ದೆ. ತೆಗೀಬೇಕು ಅಂತಿದ್ದೆ. ಆಮೇಲೆ... ಓದೋದು ಅಭ್ಯಾಸ ಆಗ್ಹೋಯ್ತು.”

“ಅಂದ್ರೆ ಕಳ್ಳ ನೀನೇ. ನಾನು ಆ ಮಾತ್ರೆ ಅಂಗಡಿ ಹುಡುಗನ್ನ ಬೈದು ಬಂದೆ! ಬಿಲ್ಲೆ ಹಾಕದೆ ಸಾಮಾನು ತೆಗೆದಿದ್ದೀಯ, ಎರಡು ತಿಂಗಳು ಹೊರಗಿಟ್ಕೊಂಡಿದ್ದೀಯ. ನಮ್ಮಲ್ಲಿ ಇದಕ್ಕೆ ಏನು ಮಾಡ್ತಾರೆ ಗೊತ್ತಾ? ಬೇಡ. ಇದು ನಮಗೆ ಬೇಡ. ಅಳಿಸು. ಈಗಲೇ, ನನ್ನ ಕಣ್ಣೆದುರಿಗೆ ಅಳಿಸು!”

“ಸಾರ್ಜೆಂಟ್,” ಎಂದರು ದೇಚಮ್ಮ.

ಮದುವೆಯಾದಾಗ ಬೋಪಣ್ಣ ಸಾರ್ಜೆಂಟ್ ಆಗಿದ್ದರು. ಸಿಟ್ಟು ಬಂದಾಗಲೆಲ್ಲ ದೇಚಮ್ಮ ಅವರಿಗೆ ಆ ದರ್ಜೆಗೆ ಹಿಂಬಡ್ತಿ ಕೊಡುತ್ತಿದ್ದರು.

“ಅವತ್ತು ಬಾಗಿಲು ಒಡೆಯೋಕೆ ಹಾರೆ ತೆಗೆದ್ರಲ್ಲ, ಬಿಲ್ಲೆ ಹಾಕಿದ್ರಾ?”

ಬೋಪಣ್ಣನಿಗೆ ಆ ಹಾರೆ ನೆನಪಾಯಿತು. ಮೂವತ್ತೆರಡು ವರ್ಷದ ಸೇವೆಯಲ್ಲಿ, ಆಮೇಲಿನ ಹದಿನೈದು ವರ್ಷದ ಮನೆವಾಸದಲ್ಲಿ ಅವರು ಬಿಲ್ಲೆ ಹಾಕದೆ ಸಾಮಾನು ತೆಗೆದದ್ದು ಆ ಒಂದು ದಿನ.

“ಅದು ಬೇರೆ.”

“ಬೇರೆಯೇ. ನೀವು ನನ್ನ ಮೇಲಿನ ಪ್ರೀತಿಗೆ ತೆಗೆದ್ರಿ, ಇವನು ಸೋಮಾರಿತನಕ್ಕೆ ತೆಗೆದ. ಆದ್ರೆ ಒಂದು ಹೇಳಿ. ಫೋನಲ್ಲಿರೋದು ಯಾರ ತಲೆನೋವು? ಅಳಿಸು ಅನ್ನೋಕೆ ನೀವ್ಯಾರು, ಇಟ್ಕೊಂಡೆ ಅನ್ನೋಕೆ ಇವನ್ಯಾರು? ನನ್ನನ್ನ ಯಾರಾದ್ರೂ ಕೇಳಿದ್ರಾ?” ಎಂದು ಫೋನನ್ನು ಎತ್ತಿಕೊಂಡರು. “ಎಲ್ಲಿ, ನಾನೂ ನೋಡ್ತೀನಿ ನನ್ನ ಬಗ್ಗೆ ಏನು ಬರೆದಿದೆ ಅಂತ.”

ಕನ್ನಡಕ ಏರಿಸಿ ಓದತೊಡಗಿದರು. “‘ಮೇ ಹನ್ನೊಂದು. ಮಾತ್ರೆ ಒಂದು. ಸ್ಥಿತಿ ತೃಪ್ತಿಕರ.’ ಹೂಂ. ‘ಮೇ ಹದಿನಾಲ್ಕು. ಸಿಟ್ಟು. ಕಾರಣ ತಿಳಿಯದು.’” ತಲೆ ಎತ್ತಿದರು. “ತಿಳಿಯದಾ?”

ಬೋಪಣ್ಣ ಸತ್ತ ಪೆಟ್ಟಿಗೆಯನ್ನು ಪರೀಕ್ಷಿಸತೊಡಗಿದರು.

“‘ಮೇ ಹದಿನೆಂಟು. ಸಿಟ್ಟು. ಸೌಟು ಎಸೆತ. ಕಾರಣ ತಿಳಿಯದು.’ ಸಾರ್ಜೆಂಟ್! ತಲೆಗೆ ಸೋಪು ಹಾಕ್ಕೊಂಡಿದ್ದೆ, ಓಕೆ ಅನ್ನೋಕೆ ಆಗಲಿಲ್ಲ, ನೀವು ಬಾಗಿಲು ತೆಗೆದ್ರಿ, ಹಿಂದೆ ಗ್ಯಾಸ್ ಸಿಲಿಂಡರ್ ತಂದವನು ನಿಂತಿದ್ದ. ಕಾರಣ ತಿಳಿಯದಂತೆ!”

ಶ್ರೀವತ್ಸನಿಗೆ ನಗು ಬಂತು. ನಕ್ಕರೆ ಏಳನೇ ನಂಬರಿನ ಗತಿ ಏನಾದೀತೆಂದು ಹೆದರಿ ಕೆಮ್ಮಿದ.

“ನಾಳೆ ಇದನ್ನೇ ತೋರಿಸೋದು. ನೀನೂ ಬಾ,” ಎಂದರು ದೇಚಮ್ಮ.

ಮರುದಿನ ಹನ್ನೊಂದಕ್ಕೆ ಡಾಕ್ಟರ್ ಶೈಲಜಾ ಶ್ರೀವತ್ಸನ ಫೋನನ್ನು ಮೇಲಿಂದ ಕೆಳಗೆ ಎರಡು ಸಲ ಎಳೆದು ನೋಡಿದರು. ದೊಡ್ಡ ಫಿಟ್ಸ್ ಒಂದೂ ಇರಲಿಲ್ಲ. ಮಾತ್ರೆ ಒಂದೂ ತಪ್ಪಿರಲಿಲ್ಲ.

“ಈ ಸಿಟ್ಟು ಭಾಳ ಸಲ ಐತಲ್ರಿ ಇಲ್ಲಿ?”

“ಅದಕ್ಕೆ ಮದ್ದು ಸ್ಕ್ರೂ ಸಮೇತ ಡಬ್ಬಿಯಲ್ಲಿದೆ ಡಾಕ್ಟ್ರೇ,” ಎಂದರು ದೇಚಮ್ಮ.

ಡಾಕ್ಟರ್ ನಕ್ಕು ಮಾತ್ರೆ ಅರ್ಧ ಇಳಿಸಿದರು. ಚಿಲಕಕ್ಕೂ ಒಪ್ಪಿದರು, ಆದರೆ ಹಳೆಯದಲ್ಲ. ಒಳಗಿಂದ ಹಾಕಿದರೂ ಹೊರಗಿನ ಸೀಳಿನಲ್ಲಿ ನಾಣ್ಯ ಇಟ್ಟು ತಿರುಗಿಸಿದರೆ ತೆರೆಯುವಂಥದ್ದು. “ಹೊರಗಿನಿಂದ ತೆಗೆಯೋ ದಾರಿ ಇರ್ಬೇಕ್ರಿ. ಅದು ಯಾರ ಕೈಯಾಗ ಇರ್ಬೇಕು ಅನ್ನೋದು ನಿಮ್ಮ ಮನಿ ಮಾತು.”

ಬೋಪಣ್ಣ ಸಂಜೆಯೇ ಹೊಸ ಚಿಲಕ ಕೂಡಿಸಿದರು. ಸ್ಕ್ರೂಡ್ರೈವರ್ ತೆಗೆದು ಒಂದನೇ ನಂಬರಿನ ಬಿಲ್ಲೆ ಹಾಕಿದರು, ವಾಪಸಿಟ್ಟು ಬಿಲ್ಲೆ ತೆಗೆದರು. ಹೊರಗಿನ ಸೀಳಿಗೆ ಯಾವ ನಾಣ್ಯ ಎಂದು ಜೇಬು ತಡಕುತ್ತಿದ್ದಾಗ ದೇಚಮ್ಮ ತಮ್ಮ ಎರಡನೇ ನಂಬರಿನ ಬಿಲ್ಲೆಯನ್ನು ಅದರಲ್ಲಿಟ್ಟು ತಿರುಗಿಸಿದರು. ಹೇಳಿ ಮಾಡಿಸಿದಂತೆ ಕೂತಿತು.

“ಇದು ಹಲಗೆಯ ಮೇಲಿರುತ್ತೆ. ಬಾಗಿಲು ತೆಗೀಬೇಕು ಅಂದ್ರೆ ಇದನ್ನ ತಗೊಂಡು ನಿಮ್ಮದು ಅಲ್ಲಿ ಹಾಕಿ. ಆಚೆ ಬಂದ ಮೇಲೆ ನಾನು ನೋಡ್ತೀನಿ.” ಆಮೇಲೆ ಶ್ರೀವತ್ಸನ ಕಡೆ ತಿರುಗಿದರು. “ನಿನ್ನ ಫೋನಲ್ಲಿರೋದು ಇರಲಿ. ಇವರ ಪೆಟ್ಟಿಗೆ ನಂಬೋಕಾಗಲ್ಲ. ಆದ್ರೆ ಏಳನ್ನ ತಂದು ಹಾಕು.”

ಬೋಪಣ್ಣ ಹಲಗೆಯ ಮೇಲೆ ಇನ್ನೊಂದು ಫೋನಿನ ಆಕಾರ ಬರೆದರು. ಶ್ರೀವತ್ಸ ತನ್ನ ಬಿಲ್ಲೆಯನ್ನು ಹಸಿ ಬಣ್ಣದ ಮೇಲೆಯೇ ತೂಗುಹಾಕಿ ಬೆರಳು ಕಪ್ಪು ಮಾಡಿಕೊಂಡ.

ಸೋಮವಾರ ಆಫೀಸಿನಲ್ಲಿ ಅವನು ಆ ಬೆರಳಿನಿಂದಲೇ, ಕಾಣದ ಗುಂಡಿಯನ್ನು ಮತ್ತೆ ಕಪ್ಪು ಮಾಡೋಣವೇ ಎಂದು ಬರೆದು ತನ್ನ ಮೇಲಧಿಕಾರಿ ಹರೀಶ್ ಅವರಿಗೆ ಕಳಿಸಿದ. ಬೇಕಾದವರು ಅಕೌಂಟ್ ತೆರೆಯಲಿ, ಬೇಡದವರು ತಮ್ಮ ದಾಸವಾಳವನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳಲಿ, ಎಲ್ಲಿದೆ ಎಂದು ಗೊತ್ತಿದ್ದರೆ ಸಾಕಲ್ಲವೇ ಎಂದೂ ಸೇರಿಸಿದ. “ನೋಡೋಣ” ಎಂದು ಉತ್ತರ ಬಂತು. ಅದರ ಅರ್ಥ ಗೊತ್ತಿದ್ದರಿಂದ ಅವನು ಇನ್ನೊಮ್ಮೆ ಕಳಿಸಿದ. ಎರಡನೇ ಸಲ ಕೇಳಿದ್ದು ಅವನ ನೌಕರಿಯಲ್ಲೇ ಮೊದಲು. ಸಂಬಳ ನಿಂತೀತೇ ಎಂದು ಮಧ್ಯಾಹ್ನವೆಲ್ಲ ಫೋನ್ ನೋಡುತ್ತಿದ್ದ.

ಸಂಜೆ ಮನೆಗೆ ಬಂದಾಗ ಬಚ್ಚಲಿನ ಬಾಗಿಲು ಮುಚ್ಚಿತ್ತು. ಒಳಗೆ ನೀರಿನ ಸದ್ದು ಮಾತ್ರ, ಮಗ್ಗಿನ ಸದ್ದಿಲ್ಲ. ಬೋಪಣ್ಣ ಹೊರಗೆ ಕುರ್ಚಿ ಹಾಕಿಕೊಂಡು ಗಡಿಯಾರ ನೋಡುತ್ತಿದ್ದರು.

“ಮೂವತ್ತೈದು ನಿಮಿಷ,” ಎಂದರು ಪಿಸುಗುಟ್ಟುತ್ತ. “ಇಷ್ಟು ಹೊತ್ತು ಏನು ಮಾಡ್ತಾಳೆ?”

“ಕೇಳಿ ನೋಡಿ ಅಂಕಲ್.”

“ಕೇಳಿದೆ. ‘ಓಕೆ’ ಅಂದ್ಲು. ಆದ್ರೆ ಆ ಓಕೆ ಸರಿ ಇರಲಿಲ್ಲ. ನಗ್ತಾ ಇದ್ದ ಹಾಗಿತ್ತು.”

ಅವರು ಎದ್ದು ಹಲಗೆಯವರೆಗೆ ಹೋದರು. ಎರಡನೇ ನಂಬರಿನ ಬಿಲ್ಲೆಯ ಕಡೆ ಕೈ ಚಾಚಿ, ಅದರ ಜಾಗದಲ್ಲಿ ತಮ್ಮದನ್ನು ಹಾಕಬೇಕೆಂಬುದು ನೆನಪಾಗಿ ಕೈ ಹಿಂದೆಗೆದರು. ಮತ್ತೆ ಬಂದು ಕೂತರು. ಬರೆದುಕೊಳ್ಳಲು ಫೋನ್ ತೆಗೆದರು. ಒತ್ತುವ ಮೊದಲು ಶ್ರೀವತ್ಸನ ಜೇಬನ್ನು ಓರೆಗಣ್ಣಿನಿಂದ ಒಮ್ಮೆ ನೋಡಿ, ಫೋನನ್ನು ಹಾಗೇ ಒಳಗಿಟ್ಟುಕೊಂಡರು.